ನಾಲ್ಕನೇ ಕುರ್ಚಿಯ ರಾಜ

"ಮೋಸ! ಕಣ್ಣೆದುರಿಗೇ ಮೋಸ!" ಕಿಮೆಮಿಯಾ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಒಗೆದ.

ಎದುರು ಸಾಲಿನ ಚೆಲಗಾಟ್ ತಲೆ ಎತ್ತಲಿಲ್ಲ. ಎಲ್ಡೊರೆಟ್‌ನಿಂದ ಬೆಳಗಿನ ಮಟಾಟು ವ್ಯಾನ್ ಹತ್ತಿ ಬಂದ ಹುಡುಗಿ. ತನ್ನ ಮೌಸನ್ನು ಸ್ವೆಟರಿನಲ್ಲಿ ಸುತ್ತಿ ತಂದಿದ್ದಳು. ಮೊದಲ ಸುತ್ತನ್ನು ಅವಳು ಆಗಲೇ ಗೆದ್ದಾಗಿತ್ತು.

ನಕುರುವಿನ ಮಟಾಟು ನಿಲ್ದಾಣದ ಹಿಂದಿನ ಈ ನೆಲಮಾಳಿಗೆಯ ಕಂಪ್ಯೂಟರ್ ಆಟದಂಗಡಿಯಲ್ಲಿ ಕಿಮೆಮಿಯಾ ಎರಡು ವರ್ಷದಿಂದ ಸೋತವನಲ್ಲ. ಸೋತವರು ಇಬ್ಬರ ಬಾಡಿಗೆಯನ್ನೂ ಕಟ್ಟಬೇಕು, ಗೆದ್ದವರು ಕುರ್ಚಿ ಬಿಡಬೇಕಿಲ್ಲ. ಇಲ್ಲಿನ ಕಾನೂನು ಅಷ್ಟೇ. ಹಾಗಾಗಿ ನಾಲ್ಕನೇ ಕುರ್ಚಿ ಅವನದೇ ಆಗಿಹೋಗಿತ್ತು. ಅವನು ಊಟಕ್ಕೆ ಎದ್ದಾಗ ಬೇರೆ ಯಾರಾದರೂ ಅಲ್ಲಿ ಕೂತರೆ ಆಟದ ಬಂದೂಕಿನ ಗುಂಡೆಲ್ಲ ಅವರ ಕಾಲಬುಡಕ್ಕೇ ಬೀಳುತ್ತಿತ್ತು, ಗುಂಪು ಬಿದ್ದುಬಿದ್ದು ನಗುತ್ತಿತ್ತು. ಅವನನ್ನು ಮಣ್ಣು ಮುಕ್ಕಿಸಬೇಕೆಂದೇ ಊರೂರಿನ ಹುಡುಗರು ಬರುತ್ತಿದ್ದರು, ಬಾಡಿಗೆ ಕಟ್ಟಿ ಬೈದುಕೊಂಡು ಹೋಗುತ್ತಿದ್ದರು. ಮಾಲೀಕ ಬಾಬಾ ಶಿರು ಅವರನ್ನೆಲ್ಲ ನಗುನಗುತ್ತ ಬೀಳ್ಕೊಡುತ್ತಿದ್ದ.

ಇವತ್ತಿನ ಮಾತು ಬೇರೆ. ಈ ಪಂದ್ಯ ಗೆದ್ದವರಿಗೆ ನೈರೋಬಿಯ ಆಟದ ತಂಡದಲ್ಲಿ ಜಾಗ, ತಿಂಗಳ ಸಂಬಳ. ಬಾಬಾ ಶಿರುಗೆ ಇದು ಇಷ್ಟವಿರಲಿಲ್ಲ. "ಇಲ್ಲಿ ರಾಜನ ಹಾಗಿದೀಯ ಮಗಾ, ನೈರೋಬಿ ಯಾಕೆ?" ಎಂದು ವಾರವಿಡೀ ಗೊಣಗಿದ್ದ. ಕಿಮೆಮಿಯಾ ಕಿವಿಗೆ ಹಾಕಿಕೊಂಡಿರಲಿಲ್ಲ. ಮಾವ ಹುಡುಕಿಟ್ಟಿದ್ದ ಮಟಾಟು ಕಂಡಕ್ಟರ್ ಕೆಲಸವನ್ನೂ ಬೆಳಿಗ್ಗೆಯೇ ಬೇಡವೆಂದು ಬಂದಿದ್ದ. "ಸೋತು ಬಂದರೆ ನನ್ನ ಬಾಗಿಲು ತಟ್ಟಬೇಡ" ಎಂದಿದ್ದ ಮಾವ.

ಈ ಆಟದ ಬಂದೂಕಿಗೆ ಒಂದು ಕೆಟ್ಟ ಚಾಳಿ. ಮೌಸಿನ ಗುಂಡಿ ಒತ್ತಿ ಹಿಡಿದರೆ ಒದೆಯುತ್ತದೆ, ಮೂತಿ ಮೇಲೇರುತ್ತದೆ, ಗುಂಡೆಲ್ಲ ಆಕಾಶದ ಪಾಲು. ಮೌಸನ್ನು ಕೆಳಗೆಳೆದು ಅದನ್ನು ಹದ್ದುಬಸ್ತಿನಲ್ಲಿಡಬೇಕು. ಚೆಲಗಾಟ್ ಬಾವಿಯಿಂದ ನೀರು ಸೇದುವವಳ ಹಾಗೆ ಎಳೆಯುತ್ತಿದ್ದಳು, ಇಡೀ ತೋಳು ನಡೆಯುತ್ತಿತ್ತು. ಅದನ್ನು ನೋಡಿದರೇ ಕಿಮೆಮಿಯಾನ ಮೈ ಉರಿಯುತ್ತಿತ್ತು. ಅವನು ಎಷ್ಟು ನಯವಾಗಿ ಎಳೆಯುತ್ತಿದ್ದನೆಂದರೆ ಕೈ ಅಲುಗಿದ್ದೇ ಯಾರಿಗೂ ಕಾಣುತ್ತಿರಲಿಲ್ಲ.

"ಅವಳ ಮೌಸ್ ಒಳಗೆ ಕಳ್ಳ ಪ್ರೋಗ್ರಾಂ ಇದೆ," ಎಂದು ಕಿಮೆಮಿಯಾ ಗುಂಪಿನತ್ತ ತಿರುಗಿ ಕೂಗಿದ. "ಬಂದೂಕು ಒದ್ದಾಗ ಅದೇ ಕೆಳಗೆ ಎಳೆಯುತ್ತೆ. ಇವಳು ಸುಮ್ನೆ ನಾಟಕ ಆಡ್ತಿದಾಳೆ!"

"ಸೋತಾಗೆಲ್ಲ ಹೀಗೇ ಅರಚ್ತೀಯಾ?" ಎಂದಳು ಚೆಲಗಾಟ್.

"ನಾನು ಸೋತಿದ್ದೇ ಇಲ್ಲ."

"ಹಂಗಾದ್ರೆ ಅಭ್ಯಾಸ ಇಲ್ಲ, ಪಾಪ."

ಗುಂಪು ಹೋ ಎಂದಿತು. ಕಿಮೆಮಿಯಾನ ಮುಖ ಕಪ್ಪಿಟ್ಟಿತು. "ಕುರ್ಚಿ ಬದಲಾಯಿಸೋಣ. ನಿನ್ನ ಮೌಸ್ ನಂಗೆ, ನಂದು ನಿಂಗೆ. ಗೋಡೆನೇ ಹೇಳಲಿ ಕಳ್ಳರು ಯಾರು ಅಂತ."

ಇಲ್ಲಿ ಜಗಳ ಬಂದರೆ ಗೋಡೆಯೇ ಪಂಚಾಯ್ತಿ. ಆಟದೊಳಗಿನ ಖಾಲಿ ಗೋಡೆಗೆ ಒಂದು ಮ್ಯಾಗಜೀನಿನ ಗುಂಡು ಪೂರ್ತಿ ಹೊಡೆಯಬೇಕು. ತೂತುಗಳು ಉಳಿದದ್ದನ್ನು ಹೇಳುತ್ತವೆ. ಕಿಮೆಮಿಯಾನ ಗುಂಡೆಲ್ಲ ಒಂದೇ ತೂತಿಗೆ ಹೋಗುತ್ತವೆಂದು ಊರಿಗೇ ಗೊತ್ತಿತ್ತು.

ಬಾಬಾ ಶಿರು ಗಲ್ಲಾದಿಂದ ಓಡಿಬಂದ. "ಬೇಡ, ಬೇಡ! ಹಾಗೆಲ್ಲ ಅದಲುಬದಲು ಮಾಡಬಾರದು. ಆಡಿ ಮುಗಿಸ್ರಪ್ಪ, ಚಹಾ ನಂದು."

"ನೀವ್ಯಾಕೆ ಅವಳ ಪರ ವಹಿಸ್ತೀರಿ?" ಕಿಮೆಮಿಯಾ ಅವನ ಮೇಲೇ ಹರಿಹಾಯ್ದ. "ಎಷ್ಟು ಕೊಟ್ಟಳು ನಿಮಗೆ?"

ಬಾಬಾ ಶಿರು ಕರವಸ್ತ್ರ ತೆಗೆದ. ಹಣೆ ಒರೆಸಿಕೊಂಡ.

ಕಿಮೆಮಿಯಾ ಅವಳ ಕುರ್ಚಿಯಲ್ಲಿ ಕೂತು ತನ್ನ ಎಂದಿನ ನಯದಲ್ಲಿ ಗುಂಡಿ ಒತ್ತಿದ. ಬಂದೂಕು ಹುಚ್ಚು ಹೋರಿಯಂತೆ ಎದ್ದು ಗುಂಡುಗಳನ್ನು ಛಾವಣಿಯವರೆಗೆ ಚೆಲ್ಲಿತು.

"ನೋಡಿದ್ರಾ?" ಅವನು ಎದ್ದು ನಿಂತು ಕಿರುಚಿದ. "ಅವಳೊಬ್ಬಳ ಮಾತೇ ಕೇಳೋ ಹಾಗೆ ಮಾಡ್ಕೊಂಡಿದಾಳೆ!"

"ಹೌದೌದು! ನಾಚಿಕೆಗೆಟ್ಟೋಳು!" ಗುಂಪು ದನಿಗೂಡಿಸಿತು.

ಚೆಲಗಾಟ್ ನಾಲ್ಕನೇ ಕುರ್ಚಿಯಲ್ಲಿ ಕೂತಳು. ಎಂದಿನಂತೆ ಜೋರಾಗಿ ಕೆಳಗೆಳೆದಳು. ಒಂದು ಗುಂಡೂ ಗೋಡೆ ಮುಟ್ಟಲಿಲ್ಲ, ಅಷ್ಟೂ ನೆಲಕ್ಕೆ. ನೆಲಮಾಳಿಗೆ ನಗೆಯಿಂದ ನಡುಗಿತು. ಯಾರೋ ತಿನ್ನುತ್ತಿದ್ದ ಮಂದಾಜಿ ಬೋಂಡಾದ ತುಂಡೊಂದನ್ನು ಅವಳತ್ತ ಎಸೆದರು.

"ಮುಗೀತು! ಇವಳನ್ನ ಎಲ್ಡೊರೆಟ್ ಗಾಡಿ ಹತ್ತಿಸಿ!" ಕಿಮೆಮಿಯಾ ಮೇಜು ಗುದ್ದಿದ. ನೈರೋಬಿ ತನ್ನ ಜೇಬಿಗೇ ಬಿದ್ದ ಹಾಗಾಗಿತ್ತು.

ಚೆಲಗಾಟ್ ಏಳಲಿಲ್ಲ. ನೆಲದ ಮೇಲಿನ ಗುಂಡಿನ ಗುರುತುಗಳನ್ನು ದಿಟ್ಟಿಸಿದಳು. ಆಮೇಲೆ ಬಾಬಾ ಶಿರುವನ್ನು.

"ಈ ಮೌಸ್ ಎಲ್ಲಿ ತಗೊಂಡೆ?" ಎಂದು ಕಿಮೆಮಿಯಾನನ್ನು ಕೇಳಿದಳು.

"ತಗೊಂಡಿದ್ದಲ್ಲ. ಬಾಬಾ ಶಿರು ಕೊಟ್ಟಿದ್ದು, ಎರಡು ವರ್ಷದ ಹಿಂದೆ," ಎಂದ ಅವನು ಎದೆಯುಬ್ಬಿಸಿ. "ಇದು ಬಂದ ವಾರವೇ ನನ್ನ ಕೈ ಪಳಗಿದ್ದು."

"ಮನೆಗೆ ಒಯ್ಯಲ್ವಾ?"

"ಸಂಜೆ ಅವರೇ ಡ್ರಾಯರಲ್ಲಿಟ್ಟು ಬೀಗ ಹಾಕ್ತಾರೆ. ನನ್ನ ವಸ್ತು ಅಂದ್ರೆ ಅವರಿಗೆ ಅಷ್ಟು ಜೋಪಾನ. ನಿಂಗ್ಯಾಕೆ ಅದೆಲ್ಲ? ಏಳು!"

"ಏಳ್ತೀನಿ. ಇನ್ನೊಂದೇ ಸಲ."

ಅವಳು ಬಂದೂಕಿಗೆ ಗುಂಡು ತುಂಬಿದಳು. ಮೌಸಿನಿಂದ ಅಂಗೈ ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದು, ಒಂದೇ ಬೆರಳಿನ ತುದಿಯನ್ನು ಗುಂಡಿಯ ಮೇಲಿಟ್ಟು ಮ್ಯಾಗಜೀನ್ ಖಾಲಿಯಾಗುವವರೆಗೆ ಒತ್ತಿ ಹಿಡಿದಳು. ಎಳೆಯಲಿಲ್ಲ, ಅಲುಗಿಸಲಿಲ್ಲ. ಬಾಬಾ ಶಿರು ಸದ್ದಿಲ್ಲದೆ ಮೆಟ್ಟಿಲ ಕಡೆ ನಡೆದಿದ್ದ.

ಗೋಡೆಯ ಮೇಲೆ ಒಂದೇ ತೂತು ಬಿತ್ತು.