ಲಂಗದ ಅಂಚಿನ ಸೀಸ

“ಸೇತುವೆ ಬೇಡ. ಅವಳು ಹೊಳೆಗೇ ಇಳೀಲಿ,” ಎಂದ ನಿರ್ದೇಶಕ ಮಾರ್ಲಂಡ್. ಸೇತುವೆಯ ಹಿಂದೆ ಹೊಸದಾಗಿ ನೆಟ್ಟ ಲೈಟ್ ಕಂಬವೊಂದು ಕ್ಯಾಮೆರಾ ಕಣ್ಣಿಗೆ ಬೀಳುತ್ತಿತ್ತು. ನೂರು ವರ್ಷ ಹಿಂದಿನ ಹಳ್ಳಿಯ ಪ್ರೇಮಕಥೆ ಹೇಳುವ ಟಿವಿ ಧಾರಾವಾಹಿಯೊಳಗೆ ಅದು ನಿಲ್ಲುವ ಹಾಗಿರಲಿಲ್ಲ. ಬಡಗಿ ಹುಡುಗ ಮುನಿಸಿಕೊಂಡು ಆಚೆ ದಡದಲ್ಲಿ ನಡೆದು ಹೋಗುತ್ತಾನೆ, ಜಮೀನ್ದಾರನ ಮಗಳು ಹೊಳೆ ಹಾಯ್ದು ಅವನ ಹಿಂದೆ ಹೋಗುತ್ತಾಳೆ. ಇನ್ನೂ ಚೆನ್ನ, ಅಂದುಕೊಂಡ ಮಾರ್ಲಂಡ್. ಸಹಾಯಕ ಕಾಲಿನ್ ಕೋಲು ಹಾಕಿ ನೋಡಿ, ಸೊಂಟದ ಮಟ್ಟ ಅಷ್ಟೇ ಎಂದ.

ಬಟ್ಟೆ ಪೆಟ್ಟಿಗೆಯ ಪಕ್ಕ ನಿಂತಿದ್ದ ಎಡ್ನಾ ಕೈಲಿದ್ದ ಹೊಲಿಗೆ ಕೆಳಗಿಟ್ಟಳು. ನಾಯಕಿ ಫೆನೆಲ್ಲಾ ತೊಟ್ಟ ನೀಲಿ ಉಣ್ಣೆಯ ಲಂಗ ಹೊಲಿದವಳು ಅವಳು. ಇಂಗ್ಲೆಂಡಿನ ಡಾರ್ಸೆಟ್ ಗುಡ್ಡದ ಗಾಳಿಗೆ ಆ ಲಂಗ ಹಾರಿ ಮೂರು ಸಲ ಶಾಟ್ ಕೆಟ್ಟಿತ್ತು. ಮೂರನೇ ಸಲ ಮಾರ್ಲಂಡ್ ಎಲ್ಲರ ಎದುರು ಅವಳನ್ನು ಬೈದಿದ್ದ. ನಿನ್ನೆ ಸಂಜೆ ಎಡ್ನಾ ಯಾರಿಗೂ ಹೇಳದೆ ಲಂಗದ ಅಂಚು ಬಿಚ್ಚಿ, ಮಡಿಕೆಯೊಳಗೆ ಸುತ್ತಲೂ ಸೀಸದ ಬಿಲ್ಲೆಗಳನ್ನಿಟ್ಟು ಹೊಲಿದಿದ್ದಳು. ಬೆಳಿಗ್ಗೆ ಲಾಡಿ ಕಟ್ಟುವಾಗ ಫೆನೆಲ್ಲಾ, “ಇವತ್ತು ಲಂಗ ಯಾಕೋ ಭಾರ ಅನ್ಸುತ್ತೆ,” ಅಂದಿದ್ದಳು. “ಲಂಗ ಅಲ್ಲ ಮಗಳೇ, ನಿನ್ನೆ ನೀನು ತಿಂದ ಪುಡಿಂಗ್,” ಎಂದು ಎಡ್ನಾ ನಗಿಸಿದ್ದಳು.

ಅವಳು ಕಾಲಿನ್‌ನ ತೋಳು ಹಿಡಿದಳು. “ಒಂದು ನಿಮಿಷ ಕಾಲಿನ್. ಆ ಲಂಗ ನೀರಿಗೆ ಆಗೋದಲ್ಲ.”

“ಬೇರೆ ಲಂಗ ಇದೆಯಾ?”

“ಇಲ್ಲ. ಆದ್ರೆ ಇದು ಭಾರ ಇದೆ, ನೆನೆದ್ರೆ ಇನ್ನೂ…”

“ಕಷ್ಟಪಡ್ಲಿ ಬಿಡಿ, ಅದಕ್ಕೇ ತಾನೆ ಇಳಿಸ್ತಿರೋದು? ಬಿಸಿಲು ಇನ್ನು ಹತ್ತು ನಿಮಿಷ ಇರೋದು ಎಡ್ನಾ. ಇನ್ನೊಂದು ಸಲ ನಿಮ್ಮಿಂದ ಶಾಟ್ ನಿಂತ್ರೆ ಇವತ್ತೇ ನಿಮ್ಮನ್ನ ಬಸ್ ಹತ್ತಿಸ್ತಾರೆ. ನಾನು ಅಡ್ಡ ಬರೋಕಾಗಲ್ಲ.”

ಸೀಸ ಎಂಬ ಮಾತು ಎಡ್ನಾಳ ನಾಲಿಗೆಯ ತುದಿಯಲ್ಲೇ ಉಳಿಯಿತು. ಅಷ್ಟರಲ್ಲಿ ಯಾರೋ “ಸೈಲೆನ್ಸ್!” ಎಂದು ಕೂಗಿದರು, ಕ್ಯಾಮೆರಾ ಓಡತೊಡಗಿತು.

ಫೆನೆಲ್ಲಾ ಅಕ್ಟೋಬರ್‌ನ ಕೊರೆಯುವ ನೀರಿಗೆ ಇಳಿದಳು. ಮೊದಲು ಲಂಗ ಗಾಳಿ ತುಂಬಿಕೊಂಡು ಅವಳ ಸುತ್ತ ನೀಲಿ ಕೊಡೆಯಂತೆ ತೇಲಿತು. ಆಮೇಲೆ ಒಮ್ಮೆಗೇ ಕುಸಿಯಿತು. ನಡುಹೊಳೆ ತಲುಪುವಷ್ಟರಲ್ಲಿ ನೀರು ಸೊಂಟ ದಾಟಿ ಎದೆಗೆ ಬಂದಿತ್ತು. ಅವಳು ನಿಂತುಬಿಟ್ಟಳು. ಲಂಗದ ಭಾರಕ್ಕೆ ಕಾಲು ಕೆಸರಿನಲ್ಲಿ ಹೂತಿರಬೇಕು. ಎರಡೂ ಕೈ ಮೇಲೆತ್ತಿ ಆಚೆ ದಡದ ಕಡೆ ಚಾಚಿದಳು. ಬಾಯಿ ತೆರೆಯಿತು, ಮುಚ್ಚಿತು. ಕೆಳಗಿನ ಒಡ್ಡಿನ ಮೇಲೆ ಬೀಳುವ ನೀರಿನ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಆಚೆ ದಡದ ನಟ ತನ್ನ ಪಾತ್ರದ ಪ್ರಕಾರ ಬೆನ್ನು ತಿರುಗಿಸಿ ನಡೆಯುತ್ತಲೇ ಇದ್ದ.

“ಆಹಾ,” ಎಂದು ಮಾರ್ಲಂಡ್ ಪಿಸುಗುಟ್ಟಿದ. “ಯಾರೂ ಅಲ್ಲಾಡಬೇಡಿ. ಆ ಮುಖ ನೋಡಿ.”

ಎಲ್ಲರೂ ಆ ಮುಖ ನೋಡುತ್ತಿದ್ದರು. ಅದು ನಟನೆಯಲ್ಲ ಎಂದು ಗೊತ್ತಿದ್ದವಳು ಎಡ್ನಾ ಒಬ್ಬಳೇ. ಆದರೂ ಅವಳ ಕಾಲು ಏಳಲಿಲ್ಲ. ನಾನು ತಪ್ಪು ತಿಳಿದಿದ್ದರೆ? ಕೆಲಸ ಹೋದರೆ? ಅದಕ್ಕಿಂತ ದೊಡ್ಡ ಹೆದರಿಕೆ ಅವುಗಳ ಕೆಳಗಿತ್ತು: ನಾನು ತಿಳಿದದ್ದೇ ಸರಿಯಾಗಿದ್ದರೆ? ಫೆನೆಲ್ಲಾಳ ಗದ್ದ ಮುಳುಗಿತು, ತುಟಿ ಮುಳುಗಿತು, ಮತ್ತೆ ಮೇಲೆ ಬಂತು. ಎರಡನೇ ಸಲ ಮೂಗೂ ಮುಳುಗಿದಾಗ ಎಡ್ನಾ ಕಿರುಚಿ, ಕ್ಯಾಮೆರಾದ ಎದುರಿನಿಂದಲೇ ಓಡಿ ನೀರಿಗೆ ಬಿದ್ದಳು.

ಲಾಡಿಯ ಗಂಟು ನೆನೆದು ಕಲ್ಲಾಗಿತ್ತು. ಕೊರಳಿಗೆ ಕಟ್ಟಿಕೊಂಡಿದ್ದ ಕತ್ತರಿಯಿಂದ ನೀರೊಳಗೆ ಕುರುಡಾಗಿ ಕತ್ತರಿಸಿದಳು. ಲಂಗ ಮೂಟೆಯಂತೆ ತಳಕ್ಕೆ ಇಳಿಯಿತು. ಕಿರುಚಾಟ ಕೇಳಿ ತಿರುಗಿದ ನಟ ಆಚೆಯಿಂದ ಹಾರಿದ. ಇಬ್ಬರೂ ಸೇರಿ ಹುಡುಗಿಯನ್ನು ದಡಕ್ಕೆ ಎಳೆದರು. ಅವಳು ನೀರು ಕಾರಿದಳು, ನೀಲಿಗಟ್ಟಿದ ಬೆರಳುಗಳಿಂದ ಎಡ್ನಾಳ ತೋಳು ಹಿಡಿದು ಬಿಡಲೇ ಇಲ್ಲ.

“ಅಂಚಿಗೆ ಸೀಸ ಹಾಕಿದ್ದೆ ಸರ್,” ಎಡ್ನಾ ಹೇಳಿದಳು. “ನಾನೇ. ಗಾಳಿಗೆ ಹಾರಬಾರದು ಅಂತ.”

ಮಾರ್ಲಂಡ್ ಅವಳನ್ನು ನೋಡಿದ. ಆಮೇಲೆ ಕ್ಯಾಮೆರಾದವನ ಕಡೆ ತಿರುಗಿದ. “ಎಲ್ಲೀತನಕ ಸಿಕ್ಕಿದೆ?”

“ಇವರು ಅಡ್ಡ ಬರೋ ತನಕ ಪೂರ್ತಿ ಸಿಕ್ಕಿದೆ ಸರ್.”

“ಹಾಗಾದ್ರೆ ಸಾಕು,” ಎಂದ. ಸೀಸದ ಬಗ್ಗೆ ಆಮೇಲೆ ಅವಳನ್ನು ಯಾರೂ ಏನೂ ಕೇಳಲಿಲ್ಲ.

ವಸಂತದಲ್ಲಿ, ಒಂದು ಭಾನುವಾರ ಸಂಜೆ, ಆ ಕಂತು ಟಿವಿಯಲ್ಲಿ ಬಂತು. ಎಡ್ನಾ ತಂಗಿ ಮೇವಿಸ್‌ಳ ಮನೆಯಲ್ಲಿ ಚಹಾದ ಬಟ್ಟಲು ಹಿಡಿದು ಕೂತಿದ್ದಳು. ಹೊಳೆಯ ಸದ್ದು ತೆಗೆದು ಪಿಟೀಲು ಹಾಕಿದ್ದರು. ನಡುಹೊಳೆಯಲ್ಲಿ ಹುಡುಗಿ ಕೈ ಚಾಚಿದಳು, ಬಾಯಿ ತೆರೆದಳು, ಗದ್ದ ಮುಳುಗಿತು, ಮತ್ತೆ ಮೇಲೆ ಬಂತು. ಕೂಡಲೇ ದೃಶ್ಯ ಬದಲಾಗಿ, ಸಂಜೆಗೆಂಪಿನ ಗೋಧಿ ಹೊಲ ಕಾಣಿಸಿತು.

ಮೇವಿಸ್ ಕಣ್ಣೊರೆಸಿಕೊಂಡಳು. “ಎಂಥಾ ಪ್ರೀತಿ ನೋಡೇ ಅಕ್ಕ ಆ ಕಣ್ಣಲ್ಲಿ. ಇನ್ನೊಂಚೂರು ತೋರಿಸ್ಬಾರದಿತ್ತಾ? ಎಷ್ಟು ಬೇಗ ಮುಗಿಸಿಬಿಟ್ರು.”

“ಬೇಗ ಅಲ್ಲ ಮೇವಿಸ್,” ಎಂದಳು ಎಡ್ನಾ. “ಅಷ್ಟು ಹೊತ್ತೂ ನಾನು ದಡದಲ್ಲಿ ನಿಂತು ನೋಡ್ತಿದ್ದೆ.”