ಧೂಳು ಏಳುವ ಮೂಲೆ

ಮಾವನ ಕೈ ಸ್ವಿಚ್ಚಿನ ಮೇಲಿತ್ತು, ಆ ಕೈಯನ್ನು ಸೊಸೆ ಅದುಮಿ ಹಿಡಿದಿದ್ದಳು. ಮನೆಯ ಹಿಂಬದಿಯ ಮರಗೆಲಸದ ಕೋಣೆಯಲ್ಲಿ ಅವಳ ಹೊಸ ಫಿಲ್ಟರ್ ಡಬ್ಬ ಗುಂಯ್ ಎನ್ನುತ್ತಿತ್ತು. ಗಾಳಿ ಸೋಸುವ ದೊಡ್ಡ ಯಂತ್ರ ಕೈಗೆಟುಕುವಂತಿರಲಿಲ್ಲ. ಅಗ್ಗದ ಚಿಕ್ಕದು ಈ ಧೂಳಿಗೆ ವಾರದೊಳಗೆ ಕಟ್ಟಿಕೊಳ್ಳುತ್ತಿತ್ತು. ಹಾಗಾಗಿ ಅವಳೇ ನಾಲ್ಕು ಫಿಲ್ಟರ್‌ಗಳನ್ನು ಡಬ್ಬದಂತೆ ಜೋಡಿಸಿ, ಮೇಲೊಂದು ಫ್ಯಾನ್ ಕೂರಿಸಿ, ಸುತ್ತ ಟೇಪ್ ಬಿಗಿದಿದ್ದಳು.

"ತೆಗಿ ಈ ದರಿದ್ರದ ಡಬ್ಬಾನ! ಹುಟ್ಟಿದಾಗಿಂದ ಮರದ ಧೂಳಲ್ಲೇ ಬೆಳೆದೋನು ನಾನು. ಏನಾಗಿದೆ ನಂಗೆ? ಗುಂಡುಕಲ್ಲಿನ ಹಾಗಿದೀನಿ. ನಿನ್ನೆ ಮೊನ್ನೆ ಬಂದೋಳು ನಂಗೆ ಉಸಿರಾಡೋದು ಕಲಿಸ್ತೀಯಾ?"

"ನೀವು ಗುಂಡುಕಲ್ಲೇ, ಮಾವ." ಸೊಸೆ ಹಿಡಿತ ಸಡಿಲಿಸಲಿಲ್ಲ. "ಆ ಮೂಲೇಲಿ ಕೂತು ನಿಮ್ಮ ಕುರ್ಚಿಗಳಿಗೆಲ್ಲ ಪಾಲಿಶ್ ಪೇಪರ್ ತಿಕ್ತಿದ್ರಲ್ಲ ಅತ್ತೆ, ಅವರಿಗೇನಾಯ್ತು?"

ಅತ್ತೆ ಕೆಮ್ಮಿ ಕೆಮ್ಮಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಧೂಳೇ ಕಾರಣ ಎಂದು ಡಾಕ್ಟರು ಹೇಳಿದ್ದು ಮನೆಮಂದಿಗೆಲ್ಲ ಗೊತ್ತಿದ್ದರೂ ಮಾವನ ಎದುರು ಯಾರೂ ಬಾಯಿ ಬಿಟ್ಟಿರಲಿಲ್ಲ. ಮಾವ ಅವಳನ್ನು ಸುಟ್ಟುಬಿಡುವಂತೆ ನೋಡಿದರು. ಇನ್ನೇನು ಹೊಡೆದೇಬಿಡುತ್ತಾರೆ ಅಂದುಕೊಂಡಳು. ಅಷ್ಟರಲ್ಲಿ ಅವರ ಕೈ ಸ್ವಿಚ್ಚಿನಿಂದ ಜಾರಿತು. ಬಗ್ಗಿ, ಓಡುತ್ತಿದ್ದ ಡಬ್ಬವನ್ನು ಹಾಗೆಯೇ ಎರಡೂ ಕೈಯಲ್ಲಿ ಎತ್ತಿಕೊಂಡು ಹೋಗಿ ಅತ್ತೆ ಕೂರುತ್ತಿದ್ದ ಮೂಲೆಯಲ್ಲಿ ಇಟ್ಟರು.

"ಧೂಳು ಏಳೋದು ಇಲ್ಲಿ," ಎಂದರು, ಅವಳ ಕಡೆ ತಿರುಗದೆ. "ನಂಗೊತ್ತಿತ್ತು. ಈಗ ನಡಿ ಆಚೆ."