ಮಂಚದ ಕೆಳಗಿನ ಬ್ಯಾಟರಿ

ಇವತ್ತು ನನ್ನ ವ್ಯಾನಿನ ಎರಡನೇ ಬ್ಯಾಟರಿ ಬದಲಿಸುವಾಗ ಆ್ಯಸಿಡ್ಡಿನ ಹುಳಿ ವಾಸನೆ ಬಂತು, ನಾನು ಮತ್ತೆ ಏಳು ವರ್ಷದವಳಾದೆ.

ಅಪ್ಪ ಸಂತೆಗಳಲ್ಲಿ ಬಟ್ಟೆ ಮಾರುತ್ತಿದ್ದ. ಅವನು, ಅವ್ವ, ನಾನು ಮೂವರೂ ಅವನ ವ್ಯಾನಿನಲ್ಲೇ ಇರುತ್ತಿದ್ದೆವು. ಕೋಥರೂಡಿನ ಬಯಲಲ್ಲಿ ಗಾಡಿ ನಿಂತಿದ್ದ ಆ ಮಧ್ಯಾಹ್ನ ತಗಡೆಲ್ಲ ಕಾದಿತ್ತು. ಫ್ಯಾನಿನ ಬ್ಯಾಟರಿ ಮಂಚದ ಕೆಳಗಿತ್ತು. ಅಲ್ಲಿಗೆ ನುಸುಳಿ ಅದರ ಆರು ಸೆಲ್‌ಗಳಿಗೂ ಡಿಸ್ಟಿಲ್ಡ್ ನೀರು ಹಾಕಲು ನನ್ನ ಸಣ್ಣ ಮೈಯೇ ಬೇಕಿತ್ತು.

ನಾನು ಕೆಳಗೆ ನೀರು ಹಾಕುತ್ತಿದ್ದಾಗ ಮೇಲೆ ಅಪ್ಪ ಹಿಗ್ಗಿನಿಂದ, "ಇನ್ನ ರಾತ್ರಿಯೆಲ್ಲಾ ಫ್ಯಾನ್ ತಿರಗ್ತದ ನೋಡು" ಎಂದ.

"ಫ್ಯಾನ್ ಬ್ಯಾಡ್ರಿ, ಇರಾಕ ಬಾಡಿಗಿಗೆ ಒಂದ್ ಖೋಲಿ ಹಿಡೀರಿ," ಎಂದಳು ಅವ್ವ. "ಇಲ್ಲಂದ್ರ ಇಕಿ ಹೊರಗ ಬಂದ ಕೂಡ್ಲೇ ಕರಕೊಂಡು ಇಂದಾಪುರಕ್ಕ ಅಣ್ಣನ ಮನಿಗೆ ಹೋಗ್ತೀನಿ."

ಅಪ್ಪ ಮಂಚದ ಹತ್ತಿರ ಬಂದ. ನನಗೆ ಅವನ ಪಾದಗಳಷ್ಟೇ ಕಾಣುತ್ತಿದ್ದವು. ಅವನು ಬಗ್ಗಿ, "ಆತೇನವ್ವಾ?" ಎಂದು ನನ್ನನ್ನು ಕೇಳಿದ.

ಬ್ಯಾಟರಿಯ ಆರೂ ಸೆಲ್ ತುಂಬಿದ್ದವು.

"ಇನ್ನೊಂದ್ ಉಳದದ ಅಪ್ಪಾ," ಎಂದೆ.